ತಂತಿ ಸಿಕ್ಕಿಸಲು ಕಂಬವಿಲ್ಲದ ಕಡೆ

ಆ ವ್ಯಾನನ್ನು ನಮ್ಮ ಇಲಾಖೆಗೆ ಯಾರು ಕೊಡಿಸಿದರೋ, ಅವರನ್ನು ಒಂದು ದಿನ ಅದರಲ್ಲೇ ಮಲಗಿಸಬೇಕಿತ್ತು. ಹೊರಗೆ ದಪ್ಪಕ್ಷರದಲ್ಲಿ ‘ಸಂಚಾರಿ ಪಶು ಚಿಕಿತ್ಸಾ ವಾಹನ’ ಎಂದು ಬರೆದಿತ್ತು. ಒಳಗೆ ಎರಡು ಮಂಚ, ಸ್ಟೋ, ನೆತ್ತಿಯ ಮೇಲೆ ನೀರಿನ ಟಾಕಿ, ಫ್ಯಾನು, ದೀಪ, ಔಷಧಿ ಇಡಲು ಪುಟ್ಟ ಫ್ರಿಜ್ಜು. ಮನೆಯೇ ಅನ್ನಿ. ಆದರೆ ಊರೊಳಗೆ ನಿಂತು, ಶಾಲೆಯಿಂದಲೋ ಪಂಚಾಯ್ತಿಯಿಂದಲೋ ಕರೆಂಟಿನ ತಂತಿ ಎಳೆದುಕೊಂಡರೆ ಮಾತ್ರ ಮನೆ. ಇಲ್ಲದಿದ್ದರೆ ಕಾದ ತಗಡು.

೧೯೮೧ರ ಏಪ್ರಿಲ್‌ನಲ್ಲಿ ಅದನ್ನು ದೇವದುರ್ಗದ ಆಚೆಯ ಕುರುಚಲು ಕಾಡಿಗೆ ಒಯ್ಯಲು ರಾಯಚೂರಿನಿಂದ ಹುಕುಂ ಬಂತು. ಕುರಿಗಳಿಗೆ ಸಿಡುಬು ಬಿದ್ದಿತ್ತು. ಪಕ್ಕದ ಗುಡ್ಡದ ಹಿಂಡಿನಲ್ಲಿ ಮರಿಗಳು ಸಾಯುತ್ತಿದ್ದವು. ಕಾಡಿನಲ್ಲಿ ಬೀಡುಬಿಟ್ಟಿದ್ದ ಜಂಬಣ್ಣನ ನಾನೂರು ಕುರಿಗಳಿಗೆ ಇನ್ನೂ ತಗುಲಿರಲಿಲ್ಲ, ತಗುಲುವ ಮುಂಚೆ ಲಸಿಕೆ ಹಾಕಬೇಕು. ತಂಪು ತಪ್ಪಿದರೆ ಆ ಲಸಿಕೆ ಬರೀ ನೀರು. ಕೆಲಸವನ್ನು ಕಂಪೌಂಡರನಾದ ನನ್ನ ಕೊರಳಿಗೆ ಕಟ್ಟಿದರು. ಕಾಡಿನಲ್ಲಿ ಕಂಬ ಎಲ್ಲಿದೆ ಎಂದು ಕೇಳಿದೆ. ಹೊರಡು ಎಂದರು.

ಬೆವರು ಸುರಿಸಿಕೊಂಡು ಹೋಗಿ ನೋಡಿದರೆ ಕುರಿಗಳೇ ಇಲ್ಲ. ಬೀಡಿನಲ್ಲಿ ಜಂಬಣ್ಣನ ಹೆಂಡತಿ ಯಮನಮ್ಮ, ಹಗ್ಗಕ್ಕೆ ಕಟ್ಟಿದ ಎಳೆ ಮರಿಗಳು, ಅಷ್ಟೇ.

“ಹಳ್ಳದ ಕಡಿ ಮೇಸಾಕ ಹೋಗ್ಯಾರ್ರೀ. ನಾಳಿ ಹೊತ್ತೇರೂದ್ರಾಗ ಬರ್ತಾರ,” ಎಂದಳು.

“ನಾವು ಬರ್ತೀವಂತ ಹೇಳಿ ಕಳಿಸಿದ್ವಲ್ಲಬೇ?”

“ಕುರಿ ಹೊಟ್ಟಿ ಕೇಳಬೇಕಲ್ರೀ ಯಪ್ಪಾ.”

ಇಷ್ಟು ಸಾಲದೆಂಬಂತೆ ನಮ್ಮ ಡ್ರೈವರ್ ಮಲಂಗಸಾಬ ಊಟ ಮುಗಿಸಿ, ವ್ಯಾನಿನ ಬ್ಯಾಟರಿಯ ಮೇಲೆ ಫ್ಯಾನು ಹಾಕಿಕೊಂಡು ಗೊರಕೆ ಹೊಡೆದ. ಎದ್ದಾಗ ಬ್ಯಾಟರಿ ಸತ್ತಿತ್ತು. ಅದರ ಮೇಲೆಯೇ ಹೇಗೋ ಓಡುತ್ತಿದ್ದ ಫ್ರಿಜ್ಜು ನಿಂತಿತು, ಇಂಜಿನ್ನೂ ಕೆಮ್ಮಲಿಲ್ಲ.

“ಏನ್ ಮಾಡ್ಲಿ ಸಾಬ್, ಒಳಗ ಬೆಂಕಿ ಉರಿಯಾಕತ್ತಿತ್ತು,” ಎಂದ. ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಅವನು ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು, ಚಾರ್ಜ್ ಮಾಡಿಸಲು ದೇವದುರ್ಗದ ದಾರಿ ಹಿಡಿದ.

ಉಳಿದದ್ದು ರಾಯಚೂರಿನಿಂದ ತಂದಿದ್ದ ಐಸಿನ ತಗಡಿನ ಡಬ್ಬಿ. ಲಸಿಕೆಯ ಸೀಸೆಗಳನ್ನು ಅದರೊಳಗಿಟ್ಟು, ವ್ಯಾನಿನ ಕೆಳಗೆ ನೆರಳಿಗೆ ತಳ್ಳಿ, ಬೇವಿನ ಬುಡದಲ್ಲಿ ಬಿದ್ದುಕೊಂಡೆ. ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು. ಡಬ್ಬಿ ಕಾಣಲಿಲ್ಲ. ಅದಿದ್ದಲ್ಲಿ ಕರಿ ಕಂಬಳಿಯ ಗಂಟೊಂದು ನೀರು ತೊಟ್ಟಿಕ್ಕುತ್ತ ಕೂತಿತ್ತು. ಯಮನಮ್ಮ ಅದರ ಮೇಲೆ ಇನ್ನೊಂದು ತಂಬಿಗೆ ನೀರು ಸುರಿಯುತ್ತಿದ್ದಳು.

ನನ್ನ ಪಿತ್ತ ನೆತ್ತಿಗೇರಿತು.

“ಬುದ್ಧಿ ಅದ ಏನ್ ನಿನಗ? ಕಂಬಳಿ ಹೊಚ್ಚಿದ್ರ ಕಾವು ಏರ್ತದ! ಯಾರು ಮುಟ್ಟಂದ್ರು ಇದನ್ನ?”

“ಹಸಿ ಕಂಬಳಿ ರೀ... ಮಜ್ಜಿಗಿ ಗಡಗಿಗೆ ನಾವು ಹಿಂಗ...”

“ಸರ್ಕಾರಿ ಔಷಧಕ್ಕೂ ಮಜ್ಜಿಗಿಗೂ ಏನ್ ಸಂಬಂಧ? ಕೈ ತೆಗಿ!”

ಕಂಬಳಿಯನ್ನು ಕಿತ್ತು ಮುಳ್ಳುಕಂಟಿಯ ಮೇಲೆ ಎಸೆದೆ. ಅವಳು ಅದನ್ನು ಮುಳ್ಳಿನಿಂದ ಬಿಡಿಸಿಕೊಂಡು ಹೋದಳು. ಆ ನೀರನ್ನು ಅವಳು ಅರ್ಧ ಮೈಲಿ ದೂರದ ಒರತೆಯಿಂದ ಹೊತ್ತು ತಂದಿದ್ದಳು. ನನಗೆ ಅದು ಗೊತ್ತಿತ್ತು.

ಮರುದಿನ ಹೊತ್ತೇರುವಷ್ಟರಲ್ಲಿ ಜಂಬಣ್ಣ ಹಿಂಡಿನೊಂದಿಗೆ ಬಂದ. ನಾಲ್ಕು ಜನರನ್ನು ಕರೆದು, ಜಾಲಿಮುಳ್ಳಿನ ಬೇಲಿ ಕಟ್ಟಿ, ಕುರಿಗಳನ್ನೆಲ್ಲ ಒಳಗೆ ತುಂಬಿದ. ಮಲಂಗಸಾಬನ ಸುಳಿವಿರಲಿಲ್ಲ.

“ಹಿಡೀಲ್ಯಾ ಸಾಹೇಬ್ರ?” ಎಂದು ಜಂಬಣ್ಣ ತೋಳೇರಿಸಿದ.

ಡಬ್ಬಿ ತೆರೆದೆ. ಐಸಿನ ಚೂರೂ ಇರಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಸೀಸೆಗಳು ತೇಲುತ್ತಿದ್ದವು.

ಅದೇ ಹೊತ್ತಿಗೆ ಯಮನಮ್ಮ ಲೋಟ ತಂದು ಮುಂದಿಟ್ಟಳು. ಗಂಟಲು ಒಣಗಿತ್ತು, ಎತ್ತಿ ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣನೆಯ ಮಜ್ಜಿಗೆ. ತಿರುಗಿ ನೋಡಿದರೆ, ಗಾಳಿಗೆ ತೂಗುಬಿಟ್ಟ ಗಡಿಗೆಗೆ ಅದೇ ಕರಿ ಕಂಬಳಿ ಸುತ್ತಿತ್ತು, ಒದ್ದೆಯಾಗಿ. ನಾಚಿಕೆಯಿಂದ ಮೈ ಹಿಡಿಯಾಯಿತು.

ಸುಮ್ಮನೆ ಚುಚ್ಚಿ, ರಿಜಿಸ್ಟರಿನಲ್ಲಿ ನಾನೂರು ಎಂದು ಬರೆದು ಹೋಗಬಹುದಿತ್ತು. ಯಾರು ಕೇಳುತ್ತಿದ್ದರು? ಸಿರಿಂಜು ಕೈಯಲ್ಲೇ ಇತ್ತು.

“ಔಷಧ ಕೆಟ್ಟದ,” ಎಂದೆ.

ಜಂಬಣ್ಣ ಹಿಡಿದ ಕುರಿಯ ಕಾಲನ್ನು ಬಿಟ್ಟ. ಯಮನಮ್ಮನ ಮುಖ ಬಿಳಿಚಿಕೊಂಡಿತು.

“ನಾ ಮುಟ್ಟಿದ್ದಕ್ಕ ಕೆಟ್ಟಿತೇನ್ರೀ?”

“ಇಲ್ಲವ್ವಾ. ನೀ ಸುತ್ತಿದ್ದನ್ನ ನಾ ಬಿಚ್ಚಿ ಒಗದಿದ್ದಕ್ಕ ಕೆಟ್ಟಿತು. ಆ ಕಂಬಳಿ ಕೊಡ್ತೀಯೇನು?”

ಖಾಲಿ ಡಬ್ಬಿ, ಕಂಬಳಿ ಎರಡನ್ನೂ ಹೊತ್ತು ದೇವದುರ್ಗಕ್ಕೆ ನಡೆದೆ. ಮಲಂಗಸಾಬ ಅಲ್ಲಿ ಇನ್ನೂ ಬ್ಯಾಟರಿ ಅಂಗಡಿಯ ಮುಂದೆ ಕೂತಿದ್ದ; ನಾನು ಬಸ್ಸು ಹಿಡಿದು ರಾಯಚೂರಿಗೆ ಹೋದೆ. ಸಾಹೇಬರ ಬೈಗುಳ, ಹೊಸ ಲಸಿಕೆ ಬೇಕೆಂದು ಇಂಡೆಂಟು, ಸಹಿ, ಐಸು ಎಂದು ಮೂರು ದಿನ ಹಿಡಿಯಿತು. ಬರುವಾಗ ಬಸ್ಸು ನಿಂತಲ್ಲೆಲ್ಲ ಡಬ್ಬಿಗೆ ಸುತ್ತಿದ ಕಂಬಳಿಗೆ ನೀರು ಚಿಮುಕಿಸಿದೆ. ಜನ ನೋಡಿ ನಕ್ಕರು.

ಕಾಡು ಸೇರಿದಾಗ ಡಬ್ಬಿಯಲ್ಲಿ ಐಸು ಗಟ್ಟಿಯಾಗಿಯೇ ಇತ್ತು. ಆದರೆ ಹನ್ನೊಂದು ಮರಿಗಳನ್ನು ಬೇರೆ ಕಟ್ಟಿದ್ದರು. ಅವುಗಳ ತುಟಿಯ ಮೇಲೆ, ಕಿವಿಯ ಒಳಗೆ ಗುಳ್ಳೆಗಳೆದ್ದಿದ್ದವು. ಜಂಬಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉಳಿದ ಕುರಿಗಳಿಗೆ ಚುಚ್ಚಲು ಕೂತೆ. ಡಬ್ಬಿಯ ಕಂಬಳಿ ಬಿಸಿಲಿಗೆ ಒಣಗತೊಡಗಿತ್ತು. ಯಮನಮ್ಮ ತಂಬಿಗೆ ಹಿಡಿದು ಬಂದು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು.

“ಈಗ ನೀರು ಹಾಕ್ಲೇನ್ರೀ?” ಎಂದು ಕೇಳಿದಳು.

ಮೊದಲ ದಿನ ಅವಳು ಯಾರನ್ನೂ ಕೇಳಿರಲಿಲ್ಲ.