ದಿಬ್ಬೂರಹಳ್ಳಿಗೆ ಹೋದ ಪ್ರತಿ

ಚಿಂತಾಮಣಿಯ ನಮ್ಮ ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದು ಲಿನಕ್ಸ್ ಕಂಪ್ಯೂಟರ್ ಇದೆ. ಸುತ್ತಲ ಹಳ್ಳಿಗಳ ಹೆಂಗಸರಿಂದ ನಾನು ನಾಲ್ಕು ವರ್ಷ ಧ್ವನಿಮುದ್ರಿಸಿಕೊಂಡ ಹಾಡುಗಳೆಲ್ಲ ಅದರಲ್ಲಿವೆ. ದಿಬ್ಬೂರಹಳ್ಳಿಯ ಗಂಗುಲಮ್ಮನವರವೇ ಐವತ್ತೆರಡು. ಹೋದ ಯುಗಾದಿಯ ಹೊತ್ತಿಗೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಈಗ ಮಾತಿಲ್ಲ. ಆ ಹಾಡುಗಳು ಬೇರೆಲ್ಲೂ ಇರಲಿಲ್ಲ.

ಎರಡು ಡಿಸ್ಕುಗಳಲ್ಲೂ ಒಂದೇ ಮಾಹಿತಿ ಇರುವಂತೆ, ರೇಡ್-1 ಎಂಬ ಜೋಡಣೆಯಲ್ಲಿ, ಇಟ್ಟಿದ್ದೆ. ಜಾಗ ತುಂಬಿತು. ಮೂರನೆಯ ಡಿಸ್ಕ್ ಸೇರಿಸಿ ರೇಡ್-5 ಎಂಬ ಜೋಡಣೆಗೆ ಬದಲಾಯಿಸಿದರೆ ಜಾಗ ಇಮ್ಮಡಿಯಾಗುತ್ತದೆ, ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುತ್ತದೆ. ಡಿಸ್ಕುಗಳನ್ನು ಎರಡೆರಡು ಸಲ ಪರೀಕ್ಷಿಸಿದೆ. ಕಂಪ್ಯೂಟರಿಗೆ ಕೊಡಬೇಕಾದ ಆದೇಶವನ್ನು ಹಾಳೆಯಲ್ಲಿ ಬರೆದು, ಓದಿ, ಟೈಪ್ ಮಾಡಿ, ಎಂಟರ್ ಒತ್ತಲಾರದೆ ಕುಳಿತಿದ್ದಾಗ ಗಂಗುಲಮ್ಮನವರ ಮಗಳು ಮುನಿಲಕ್ಷ್ಮಿ ಬಂದರು.

"ಏನ್ ಮೇಡಮ್, ಪರೀಕ್ಷೆ ಬರಿಯೋ ಹುಡ್ಗಿ ತರ ಕೂತಿದೀರ? ಅಮ್ಮನ ಹಾಡು ಕೊಡ್ತೀನಂದ್ರಲ್ಲ."

"ಎರಡು ದಿನ ಬಿಟ್ಟು ಕೊಡ್ತೀನಕ್ಕ. ಡಿಸ್ಕಿನ ಜೋಡಣೆ ಬದಲಾಯಿಸ್ತಿದೀನಿ."

"ಮಧ್ಯದಲ್ಲಿ ಕೆಟ್ರೆ?"

"ಎರಡು ಕಡೆ ಇದೆಯಲ್ಲಕ್ಕ."

"ಎರಡೂ ಈ ಡಬ್ಬದಲ್ಲೇ ಅಲ್ವಾ?" ಅವರು ನಕ್ಕರು. "ಓದಿರೋರು ನೀವು. ಹಾಲುತೊಂಡೆ ರೋಗ ಬಂದ್ರೆ ಒಂದು ಮನೇಲಿರೋ ರೇಷ್ಮೆ ಹುಳ ಎಲ್ಲಾ ಹೋಗ್ತವೆ ಕಣಮ್ಮ. ಅದಕ್ಕೇ ನಾವು ಅರ್ಧ ಹುಳ ತಮ್ಮನ ಮನೇಲಿ ಮೇಯಿಸೋದು."

ನನ್ನ ಮುಖ ಬಿಸಿಯಾಯಿತು. ಎರಡು ಡಿಸ್ಕುಗಳನ್ನು ನೋಡಿ ನೋಡಿ, ಅವನ್ನೇ ಎರಡು ಪ್ರತಿ ಎಂದುಕೊಂಡಿದ್ದೆ. ಬದಲಾವಣೆ ನಡೆಯುವಾಗ ಕಲಕುವುದು ಎರಡನ್ನೂ. ಆದೇಶವನ್ನು ಅಳಿಸಿದೆ.

ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲಿಸಿ, ಮೂಲದೊಂದಿಗೆ ತಾಳೆ ನೋಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಮುನಿಲಕ್ಷ್ಮಿ ಅದನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಒಯ್ದರು. ಆಮೇಲೆ ಎಂಟರ್ ಒತ್ತಿದೆ.

ಮರುದಿನ ಹನ್ನೊಂದಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ಕೆಲಸ ಶೇಕಡಾ ನಲವತ್ತೊಂದು ಆಗಿತ್ತು. ಬ್ಯಾಟರಿ ಮುಗಿಯುವ ಮೊದಲೇ ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಿದೆ. ಕರೆಂಟ್ ಬಂದ ಮೇಲೆ ನೋಡಿದರೆ ಮೂರರಲ್ಲಿ ಎರಡೇ ಡಿಸ್ಕ್. ಬದಲಾವಣೆ ಅರ್ಧದಲ್ಲಿದ್ದುದರಿಂದ ಎರಡೇ ಡಿಸ್ಕಿನಿಂದ ರೇಡ್ ಏಳಲೇ ಇಲ್ಲ. ಹೊಸದಾಗಿ ಕಟ್ಟುವ ಆದೇಶ ಕೊಟ್ಟುಬಿಡಲು ಬೆರಳುಗಳು ಹೋದವು. ಕೊಟ್ಟಿದ್ದರೆ ಉಳಿದದ್ದೂ ಹಾಳಾಗುತ್ತಿತ್ತು. ಕೈ ಹಿಂದೆಗೆದು ಫೋನ್ ಮಾಡಿದೆ.

"ಅಕ್ಕ, ಆ ಡಿಸ್ಕು ಹುಷಾರಾಗಿದೆ ತಾನೆ?"

"ತಡಿಯಮ್ಮ, ಟಿವಿ ಸೌಂಡ್ ಕಮ್ಮಿ ಮಾಡ್ತೀನಿ." ಹಿಂದೆ, ಟಿವಿಗೆ ಸಿಕ್ಕಿಸಿದ್ದ ಆ ಡಿಸ್ಕಿನಿಂದ ಗಂಗುಲಮ್ಮನವರ ಹಳೆಯ ದನಿ, ರಾಗಿ ಬೀಸುವ ತೆಲುಗು ಹಾಡು. "ಕಮ್ಮಿ ಮಾಡಿದ್ರೆ ಅಮ್ಮ ಗುರಾಯಿಸ್ತಾವ್ರೆ. ಬೆಳಿಗ್ಗೆಯಿಂದ ಮೂರ್ ಸಲ ಹಾಕಿಸ್ಕೊಂಡ್ರು. ನಿಮ್ದೇನಾಯ್ತು?"

"ಪೊರೆ ಬಿಡೋ ಹುಳದ ತರ ಅಲ್ಲಾಡದೆ ಕೂತಿದೆ."

"ಹಂಗಾದ್ರೆ ಮುಟ್ಬೇಡಿ. ಮೊದ್ಲು ಊಟ ಮಾಡ್ಕೊಂಡ್ ಬನ್ನಿ."

ಊಟ ಮಾಡಿ ಬಂದೆ. ಕಂಪ್ಯೂಟರ್ ಆರಿಸಿ, ಪೆಟ್ಟಿಗೆ ಬಿಚ್ಚಿ, ಸಡಿಲವಾಗಿದ್ದ ಕೇಬಲ್ಲೊಂದನ್ನು ಒತ್ತಿ ಕೂರಿಸಿದೆ. ಮೂರೂ ಎದ್ದವು. ನಲವತ್ತೊಂದರಿಂದಲೇ ಮುಂದುವರಿದು, ಸಂಜೆ ಐದಕ್ಕೆ ನಲವತ್ತೇಳು. ನಾನು ಕೋಣೆಗೆ ಬೀಗ ಹಾಕಿ ಮನೆಗೆ ಹೊರಟೆ.