ಒಂದೇ ಗೋಲಿನ ಮೈದಾನದ ಚೆಂಡು

ನಾನು ಒಂದು ಫುಟ್‌ಬಾಲ್. ಒದೆ ತಿನ್ನುವುದಕ್ಕೆಂದೇ ಹುಟ್ಟಿದವನು, ಅದರಲ್ಲಿ ಮುಚ್ಚಿಡುವುದೇನಿದೆ? ಜಾಲಂಧರದ ಒಂದು ಗಲ್ಲಿಯಲ್ಲಿ, ಬಾಗಿಲ ಬಳಿ ಕುಳಿತ ಹೆಂಗಸೊಬ್ಬಳು ಎರಡು ಸೂಜಿ ಹಿಡಿದು ನನ್ನ ತುಂಡುಗಳನ್ನೆಲ್ಲ ಹೊಲಿದಳು. ಅವತ್ತು ಅವಳಿಗೆ ಪಕ್ಕದ ಮನೆಯವಳ ಮೇಲೆ ಕೆಂಡದಂಥ ಸಿಟ್ಟು. ಬೈಯುತ್ತ ಬೈಯುತ್ತ ದಾರ ಬಿಗಿದಳು. ನನ್ನ ಹೊಲಿಗೆ ಇಷ್ಟು ವರ್ಷ ಬಾಳಿದ್ದು ಆ ಜಗಳದ ಪುಣ್ಯದಿಂದಲೇ ಎಂದು ನನ್ನ ನಂಬಿಕೆ.

ಗಾಳಿ ತೆಗೆದು, ಚಪ್ಪಟೆ ಮಾಡಿ, ರೊಟ್ಟಿಯ ಹಾಗೆ ಒಂದರ ಮೇಲೊಂದು ಪೇರಿಸಿ ನಮ್ಮನ್ನು ಬೆಳಗಾವಿಯ ದೊಡ್ಡ ಹೈಸ್ಕೂಲೊಂದಕ್ಕೆ ಕಳಿಸಿದರು. ಅಬ್ಬಾ, ಅದೇನು ವೈಭವ! ಹುಲ್ಲು ಹಾಸಿದ ಮೈದಾನ, ಬಲೆ ಕಟ್ಟಿದ ಗೋಲುಗಳು, ಹುಡುಗರ ಕಾಲಲ್ಲೆಲ್ಲ ಬೂಟು. ನಮ್ಮಂಥ ಚೆಂಡುಗಳೇ ಒಂದು ಚೀಲದ ತುಂಬ. ಇವತ್ತು ನನಗೆ ಒದೆ ಬಿದ್ದರೆ ಮತ್ತೆ ನನ್ನ ಪಾಳಿ ಬರುವ ಹೊತ್ತಿಗೆ ವಾರ ಕಳೆದಿರುತ್ತಿತ್ತು.

ಅಲ್ಲಿ ಕೋಚ್ ಸಾವಿಯೋ ಸರ್. ಆಟದಲ್ಲಿ ಗಟ್ಟಿ ಕುಳ, ಮನಸ್ಸಿನಲ್ಲಿ ಕೆಟ್ಟವರಲ್ಲ. ಅವರ ಕೈಕೆಳಗೆ ಈರಣ್ಣ ಗುರವ ಎಂಬ ತೆಳ್ಳನೆಯ ಸಹಾಯಕ. ಜೂನ್ ಬಂತೆಂದರೆ ಆಯ್ಕೆಗೆ ನೂರಾರು ಹುಡುಗರು ಸಾಲುಗಟ್ಟುತ್ತಿದ್ದರು. ಸಾವಿಯೋ ಸರ್ ಬೇಕಾದವರನ್ನು ಆರಿಸಿಕೊಂಡು ಚಹಾ ಕುಡಿಯಲು ಹೋಗುತ್ತಿದ್ದರು. ಉಳಿದವರಿಗೆ, "ಮುಂದಿನ ವರ್ಷ ಬರ್ರೆಪಾ," ಎಂದು ಹೇಳಿ ಕಳಿಸುವ ಕೆಲಸ ಗುರವ ಸರದು. ಹೇಳಿ ಬಂದು ಚೆಂಡಿನ ಚೀಲದ ಪಕ್ಕ ಕೂತುಬಿಡುತ್ತಿದ್ದರು. ಹುಡುಗರ ಮುಖ ನೋಡಿದವರು ಅವರಲ್ಲವೇ! ನನಗೂ ಅವರನ್ನು ಕಂಡರೆ ಕರುಳು ಚುರ್ ಎನ್ನುತ್ತಿತ್ತು.

ಆಮೇಲೆ ಗುರವ ಸರಿಗೆ ಸರ್ಕಾರಿ ನೌಕರಿ ಸಿಕ್ಕಿತು. ಬೈಲಹೊಂಗಲ ಕಡೆಯ ಕೆಂಚನಹಾಳದ ಹೈಸ್ಕೂಲಿಗೆ ದೈಹಿಕ ಶಿಕ್ಷಕರು. ಹೊರಡುವಾಗ ಸಾವಿಯೋ ಸರ್ ಚೀಲಕ್ಕೆ ಕೈ ಹಾಕಿ, ಬಣ್ಣ ಮಾಸಿದ ನನ್ನನ್ನು ಎತ್ತಿ ಅವರ ಕೈಗೆ ಕೊಟ್ಟರು. "ಒಯ್ಯಿರಿ ಗುರವ, ಅಲ್ಲಿ ಚೆಂಡರ ಇರ್ತಾವೋ ಇಲ್ಲೋ!"

ಇರಲಿಲ್ಲ. ನಾನೊಬ್ಬನೇ! ಮೂರೂ ಕ್ಲಾಸಿನ ಗಂಡುಹುಡುಗರನ್ನು ಕೂಡಿಸಿದರೆ ಹದಿಮೂರು. ಅವರಲ್ಲಿ ಇಬ್ಬರು ನನ್ನನ್ನು ಕಂಡರೆ ಮಾರು ದೂರ ಓಡುವವರು. ಉಳಿದವರು ಹನ್ನೊಂದು ಮಂದಿ, ಒಂದು ತಂಡಕ್ಕೆ ಸರಿಯಾಗಿ. ಆರಿಸುವ ಮಾತೇ ಇಲ್ಲ. ಸುಣ್ಣದ ಡಬ್ಬಿಯಂತೆ ಕುಳ್ಳಗೆ, ದಪ್ಪಗೆ, ಓಡಿದರೆ ಏದುಸಿರು ಬಿಡುವ ಅಪ್ಪಾಸಾಬ ಕೂಡ ಆಡಲೇಬೇಕು. ಬೆಳಗಾವಿಯಲ್ಲಾಗಿದ್ದರೆ ಅವನು ಗೇಟಿನಿಂದಲೇ ವಾಪಸು.

ಮೈದಾನದ ಕಥೆಯನ್ನೂ ಹೇಳಿಬಿಡುತ್ತೇನೆ. ಅಲ್ಲಿ ಗೋಲು ಇದ್ದದ್ದು ಒಂದೇ. ಇನ್ನೊಂದು ಕಡೆ ಬಿಸಿಯೂಟದ ಅಡುಗೆಕೋಣೆ, ಅದರ ಬಾಗಿಲಲ್ಲಿ ಸೌಟು ಹಿಡಿದ ಗೌರವ್ವ. "ಸಾರಿನ ಬೋಗೋಣ್ಯಾಗ ಚೆಂಡ ಬಿತ್ತಂದ್ರ, ಚೆಂಡಿಂದ ಸಾರ ಮಾಡಿ ನಿಮಗss ಬಡಸ್ತೀನಿ ನೋಡ್ರಿ ಸರ!" ಎಂದು ಮೊದಲ ದಿನವೇ ಗುಡುಗಿದ್ದಳು. ಹೆಂಗಸು ಹೇಳಿದ್ದನ್ನು ಮಾಡುವವಳೇ. ಹಾಗಾಗಿ ಎರಡೂ ಪಂಗಡದವರು ಅದೊಂದೇ ಗೋಲಿಗೆ ಹೊಡೆಯುತ್ತಿದ್ದರು. ಚೆಂಡು ಯಾರಿಗೆ ಸಿಕ್ಕರೂ ದಿಕ್ಕು ಅದೇ.

ಹೆಡ್ ಮಾಸ್ತರರು ಇನಾಮದಾರ ಅಂತ, ಗಣಿತದವರು. ಒಂದು ಸಂಜೆ ಮೈದಾನಕ್ಕೇ ಬಂದರು.

"ಗುರವ ಸರ, ನಿಮ್ಮ ಆಟಕ್ಕ ನಾ ಅಡ್ಡ ಬರಾಂವ ಅಲ್ಲ. ಆದ್ರ ಎಸ್ಸೆಸ್ಸೆಲ್ಸಿ ರಿಸಲ್ಟ್ ನೆಲಕ್ಕ ಬಿದ್ದೈತಿ, ಮ್ಯಾಲಿನವ್ರು ನನ್ನ ಕಿವಿ ಹಿಂಡಾಕತ್ತಾರ. ಬೆಳಗಾವಿ ಟೂರ್ನಮೆಂಟಿನ್ಯಾಗ ಒಂದss ಒಂದ ಮ್ಯಾಚ್ ಗೆದ್ದ ಬರ್ರಿ. ಇಲ್ಲಾಂದ್ರ ಸಂಜಿ ಆಟ ಬಂದ್, ಗಣಿತ ಚಾಲೂ."

ಗುರವ ಸರು "ಆತ್ರಿ" ಎಂದರು. ಎನ್ನದೆ ಏನು ಮಾಡಿಯಾರು? ಅವತ್ತಿನಿಂದ ಅವರು ನನ್ನನ್ನು ಹಿಡಿಯುವ ಹಿಡಿತವೇ ಬೇರೆಯಾಯಿತು. ಗೆಲ್ಲದಿದ್ದರೆ ನನಗೆ ಕಪಾಟಿನ ಕತ್ತಲು, ಅವರಿಗೆ ಮತ್ತೆ ಹುಡುಗರನ್ನು ಮನೆಗೆ ಕಳಿಸುವ ಕೆಲಸ.

ಬೆಳಗಾವಿಗೆ ಹೋದರೆ ಮೊದಲ ಮ್ಯಾಚು ಯಾರೊಡನೆ? ನಮ್ಮ ಹಣೆಬರಹ ನೋಡಿ, ಅದೇ ದೊಡ್ಡ ಹೈಸ್ಕೂಲು! ಅವರ ಕಡೆ ಹೊರಗೆ ಕಾದು ಕೂತ ಹುಡುಗರೇ ಒಂದು ಬೆಂಚಿನ ತುಂಬ. ನಮ್ಮ ಬೆಂಚಿನ ಮೇಲೆ ಹೆಡ್ ಮಾಸ್ತರರು, ಅವರ ಟಿಫಿನ್ ಡಬ್ಬಿ, ಅಷ್ಟೆ. ಆಟಕ್ಕೆ ಹೊಸ ಚೆಂಡು ಇಳಿಸಿದರು. ನಾನು ಗುರವ ಸರ ಕಂಕುಳಲ್ಲಿ. ಮೈ ಉರಿಯಿತು, ಸುಳ್ಳೇಕೆ ಹೇಳಲಿ.

ಮೈದಾನದ ಒಂದು ಕೊನೆಗೆ ನೀರಿನ ಟಾಕಿ ಇತ್ತು. "ಟಾಕಿ ಕಡೆ ಹೊಡೀರಲೇ, ಟಾಕಿ ಕಡೆ!" ಎಂದು ಸರು ಕೂಗಿ ಕಳಿಸಿದರು. ಹುಡುಗರು ಹೊಡೆದರು. ಅರ್ಧ ಆಟ ಮುಗಿಯುವಷ್ಟರಲ್ಲಿ ನಮ್ಮದು ಒಂದು ಗೋಲು, ಅವರದು ಸೊನ್ನೆ. ಗುರವ ಸರ ಎದೆ ನನ್ನ ಬೆನ್ನಿಗೆ ಢವಢವ ಬಡಿಯುತ್ತಿತ್ತು.

ಆಮೇಲೆ ಪಕ್ಕ ಬದಲಾಯಿತು. ಅರ್ಧ ಆಟವಾದ ಮೇಲೆ ಗೋಲು ಅದಲುಬದಲಾಗುತ್ತದೆ ಎಂಬುದು ಫುಟ್‌ಬಾಲ್ ಆಡುವ ಯಾವ ಮಗುವಿಗೂ ಗೊತ್ತು. ಗುರವ ಸರಿಗೆ ಅದು ಎಷ್ಟು ಗೊತ್ತೆಂದರೆ, ಹೇಳಿಕೊಡಬೇಕೆಂದೇ ಅವರಿಗೆ ಹೊಳೆದಿರಲಿಲ್ಲ. ಒಂದೇ ಗೋಲಿನ ಮೈದಾನದಲ್ಲಿ ಬೆಳೆದ ಹುಡುಗರಿಗೆ ಬದಲಾಯಿಸುವುದೆಂದರೇನು ಎಂದು ತಿಳಿಯುವುದಾದರೂ ಹೇಗೆ? ರೆಫರಿ ಕೈಮಾಡಿ ತೋರಿಸಿದಲ್ಲಿ ಹೋಗಿ ನಿಂತರು, ಅಷ್ಟೆ.

ಚೆಂಡು ಅಪ್ಪಾಸಾಬನ ಕಾಲಿಗೆ ಬಂತು. ಎದುರಿಗೇ ಟಾಕಿ, ಟಾಕಿಯ ಮುಂದೆ ಗೋಲು! ಅಷ್ಟು ಹತ್ತಿರದಿಂದ ಅವನು ಜನ್ಮದಲ್ಲಿ ಗೋಲು ಕಂಡವನಲ್ಲ. "ಅಪ್ಪ್ಯಾ, ಇದು ನಾನೋ!" ಎಂದು ನಮ್ಮದೇ ಗೋಲ್‌ಕೀಪರ್ ಚೀರಿದ. ಅಪ್ಪಾಸಾಬ ಕಣ್ಣುಮುಚ್ಚಿ ಬಾರಿಸಿದ. ಗೋಲು! ಎರಡೂ ಕೈ ಎತ್ತಿ ಕುಣಿದ, ಪಾಪ. ಮೈದಾನವೆಲ್ಲ ಗೊಳ್ಳೆಂದು ನಕ್ಕಮೇಲೆ ಅವನ ಕೈಗಳು ಮೆಲ್ಲಗೆ ಇಳಿದವು.

ದೊಡ್ಡ ಸ್ಕೂಲಿನ ರೂಢಿ ನೋಡಿ, ಗುರವ ಸರ ಕೈ ತಾನಾಗಿ ಮೇಲೆ ಹೋಯಿತು, ಹುಡುಗನನ್ನು ಹೊರಗೆ ಕರೆಯಲು. ತಿರುಗಿ ಬೆಂಚು ನೋಡಿದರು. ಬೆಂಚಿನ ಮೇಲೆ ಇನಾಮದಾರ ಮಾಸ್ತರರು ಬಾಯಿ ತೆರೆದುಕೊಂಡು ಕೂತಿದ್ದರು. ಎತ್ತಿದ ಕೈಯನ್ನು ಏನು ಮಾಡುವುದು? ಅದನ್ನೇ ಬೀಸಿ ಕೂಗಿದರು: "ಅಪ್ಪಾಸಾಬ! ತಪ್ಪ ನಂದೋ, ನಾ ಹೇಳಿಲ್ಲ! ಈಗ ಟಾಕಿ ಕಾಯೋ, ಟಾಕಿಗೆ ಬೆನ್ನ ಮಾಡಿ ನಿಲ್ಲೋ!"

ನಿಂತ. ಬೆನ್ನಿಗೆ ಟಾಕಿ ಇಟ್ಟುಕೊಂಡು ಗೂಟ ಹೊಡೆದಂತೆ ನಿಂತ. ಹೊಟ್ಟೆಗೆ, ತೊಡೆಗೆ, ಒಮ್ಮೆ ಮೂಗಿಗೂ ಚೆಂಡು ಬಿತ್ತು, ಜಗ್ಗಲಿಲ್ಲ. ಆ ಪೆಟ್ಟುಗಳನ್ನು ನೋಡಿ ಹೊಸ ಚೆಂಡಿನ ಮೇಲಿನ ನನ್ನ ಹೊಟ್ಟೆಕಿಚ್ಚು ಕರಗಿ, ಈ ಹುಡುಗನನ್ನು ಮುಟ್ಟಬೇಡವೋ ಮಾರಾಯ ಎನ್ನಿಸಿತು. ಆಟ ಒಂದು-ಒಂದಕ್ಕೆ ಮುಗಿಯಿತು.

ಇನ್ನು ಪೆನಾಲ್ಟಿ. ಪೆನಾಲ್ಟಿ ಎಂದರೆ ಗೊತ್ತಲ್ಲ, ಎರಡೂ ತಂಡದವರು ಒಂದೇ ಗೋಲಿಗೆ ಪಾಳಿಯಂತೆ ಐದೈದು ಸಲ ಹೊಡೆಯುವುದು. ನಮ್ಮ ಹುಡುಗರ ಮುಖ ಅರಳಿತು. "ಇದು ನಮ್ಮೂರ ಆಟರೀ ಸರ!" ಎಂದ ಒಬ್ಬ. ನಾಲ್ವರು ಮುಂದೆ ಬಂದರು. ಐದನೆಯವನು ಯಾರು ಎಂದಾಗ ಎಲ್ಲರೂ ನೆಲ ನೋಡಿದರು. ಮೂಗಿಗೆ ಹತ್ತಿ ತುರುಕಿಕೊಂಡ ಅಪ್ಪಾಸಾಬ ಕೈ ಎತ್ತಿದ. "ನಾ ಹೊಡೀತೀನ್ರಿ. ಗೋಲ್ ಯಾವ್ದಂತ ಈಗ ಗೊತ್ತಾತು."

ಸರು ಒಮ್ಮೆ ಅವನ ಮೂಗು ನೋಡಿದರು, ಒಮ್ಮೆ ಗೋಲು ನೋಡಿದರು. ಆದರೂ ತಲೆಯಾಡಿಸಿದರು.

ನಮ್ಮ ನಾಲ್ವರೂ ಹಾಕಿದರು. ಅವರ ಒಂದನ್ನು ನಮ್ಮ ಗೋಲ್‌ಕೀಪರ್ ತಡೆದ. ಅವರ ನಾಲ್ಕನೆಯವನು ಹೊಡೆದದ್ದು ಅಡ್ಡಪಟ್ಟಿಯ ಮೇಲಿಂದ ಹಾರಿ ಟಾಕಿಗೆ ಬಡಿಯಿತು. ನಮ್ಮದು ನಾಲ್ಕು, ಅವರದು ಎರಡೇ. ಮುಗಿಯಿತು, ನಾವು ಗೆದ್ದೆವು! ಐದನೆಯ ಪಾಳಿ ಬರಲೇ ಇಲ್ಲ. ಗುರವ ಸರು "ಯವ್ವಾ ತಾಯಿ" ಎಂದು ದೊಪ್ಪನೆ ನನ್ನ ಮೇಲೇ ಕೂತುಬಿಟ್ಟರು. ಅಷ್ಟು ಹಗುರಾಗಿ ಯಾರೂ ನನ್ನ ಮೇಲೆ ಕೂತದ್ದಿಲ್ಲ.

"ಸರ, ನನ್ನ ಪಾಳಿ?" ಎಂದ ಅಪ್ಪಾಸಾಬ.

"ಹೊಡಿಯೋ ನಮ್ಮಪ್ಪಾ, ಊರಿಗೆ ಹೋಗಿ ಕತ್ತಲಾಗೂ ತನಕ ಹೊಡಿ!"

ಇನಾಮದಾರ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ ಬಂದರು. "ಗಣಿತಕ್ಕ ಮುಂಜಾನೆ ಕರಸ್ತೀನಿ ತಗೋರಿ. ಸಂಜಿ ನಿಮ್ಮದss." ಮರುದಿನದ ಮ್ಯಾಚಿನಲ್ಲಿ ನಮಗೆ ಆರು ಗೋಲು ಬಿತ್ತು. ಬೀಳಲಿ ಬಿಡಿ, ಯಾರು ಅಳುತ್ತಾರೆ?

ಈಗ ನನಗೆ ವಯಸ್ಸಾಗಿದೆ. ಚರ್ಮ ಸುಲಿದಿದೆ, ಎಷ್ಟು ಗಾಳಿ ತುಂಬಿದರೂ ಸಂಜೆಗೆ ಸೊರಗುತ್ತೇನೆ. ಶಾಲೆಗೆ ಹೊಸ ಚೆಂಡು ಬಂದಿದೆ. ನಾನು ಗುರವ ಸರ ಕೋಣೆಯ ಕಿಟಕಿಯಲ್ಲಿ ಕೂತು ಮೈದಾನ ನೋಡುತ್ತೇನೆ. ಒದೆಯಿಲ್ಲದ ಬದುಕು ಮೊದಮೊದಲು ಬೇಸರ ತಂದಿತು, ಈಗ ರೂಢಿಯಾಗಿದೆ.

ಈ ಜೂನಿನಲ್ಲಿ ಎಂಟನೆಯ ಕ್ಲಾಸಿಗೆ ಒಬ್ಬ ಕಡ್ಡಿಯಂಥ ಹುಡುಗ ಬಂದ. ಸರ ಕೋಣೆಯ ಬಾಗಿಲಲ್ಲಿ ನಿಂತು, ಅಂಗಿಯ ತುದಿ ತಿರುವುತ್ತ ಕೇಳಿದ: "ಸರ, ನನಗ ಆಡಾಕ ಬರೂದಿಲ್ರಿ. ನನ್ನ ತಗೋತೀರೇನ್ರಿ?"

ಗುರವ ಸರು ತಲೆ ಎತ್ತಿ ನಕ್ಕರು. "ತಗೋಳದ ಏನ್ ಮಾಡ್ಲೋ ತಮ್ಮಾ? ನೀ ಬರಲಿಲ್ಲಂದ್ರ ನಾವು ಹತ್ತss ಮಂದಿ."