ಬಾಗಿದ ಹಿಡಿಯ ಬಂದೂಕು

ನಮ್ಮ ಮನೆ ಪಾಲಾದಾಗ ಹೊಲ, ಎತ್ತು, ಕೊಪ್ಪರಿಗೆ ಎಲ್ಲವನ್ನೂ ಸರಿಯಾಗಿ ಎರಡು ಮಾಡಿದೆವು. ಬಂದೂಕನ್ನು ಮಾತ್ರ ಬೇರೆ ರೀತಿ ಹಂಚಿಕೊಂಡೆವು. ಲೈಸೆನ್ಸ್ ನನ್ನ ಹೆಸರಿಗೆ, ಬಂದೂಕು ಅಣ್ಣ ತಾಯಪ್ಪನ ಮನೆಗೆ. ನಾನು ಶಹಾಪುರದ ಸೊಸೈಟಿಯಲ್ಲಿ ಕಾರಕೂನ, ಕಾಗದಪತ್ರ ಬಲ್ಲವ. ಅವನು ಸಗರದಲ್ಲಿ ಹೊಲ ಮಾಡುವವ. ಪಂಚರಿಗೆ ಇದು ನ್ಯಾಯವಾಗಿಯೇ ಕಂಡಿತು. ಕಾನೂನಿನ ಕಣ್ಣಿಗೆ ಇಬ್ಬರೂ ತಪ್ಪಿತಸ್ಥರೆಂದು ಸಹಿ ಮಾಡುವಾಗಲೇ ನನಗೆ ಗೊತ್ತಿತ್ತು.

ಅದು ನಮ್ಮ ಅಜ್ಜ ಅಂಬ್ರಪ್ಪ ನಿಜಾಮನ ಕಾಲದಲ್ಲಿ ಹೈದರಾಬಾದಿನಲ್ಲಿ ಹೇಳಿ ಮಾಡಿಸಿದ ಬೇಟೆಯ ರೈಫಲ್. ಸಿಡುಬಿನಲ್ಲಿ ಅಜ್ಜನ ಬಲಗಣ್ಣು ಹೋಗಿತ್ತು. ಬಲಭುಜಕ್ಕೆ ಒತ್ತಿಕೊಂಡೇ ಎಡಗಣ್ಣಿನಿಂದ ಗುರಿ ನೋಡಲು ಬರಲಿ ಎಂದು ಅದರ ಅಖರೋಟ ಮರದ ಹಿಡಿಯನ್ನು ಬಾಗಿಸಿ ಕಡೆದಿದ್ದರು. ಎರಡು ಕಣ್ಣಿದ್ದವರಿಗೆ ಅದು ಒಗ್ಗುತ್ತಿರಲಿಲ್ಲ.

ಕಾಲುವೆಗೆ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ದಂಡೆಯ ಜಾಲಿ ಪೊದೆಗಳಲ್ಲಿ ಕಾಡುಹಂದಿಗಳು ಸೇರಿಕೊಂಡವು. ಅಣ್ಣ ಆ ಹಂಗಾಮಿನಲ್ಲಿ ಒಂಬತ್ತು ಗುಂಡು ಹಾರಿಸಿದ. ಒಂದೂ ತಾಗಲಿಲ್ಲ. ಹಂದಿಗಳು ಜೀವ ಉಳಿಸಿಕೊಳ್ಳಲು ತಾಯಪ್ಪನ ಗದ್ದೆಗೇ ಬರುತ್ತವೆ ಎಂದು ಊರವರು ಆಡಿಕೊಂಡರು.

ಅವನು ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಸುರಪುರಕ್ಕೆ ಒಯ್ದು, ಬಡಗಿ ಅಮೀನಸಾಬರ ಮುಂದಿಟ್ಟ. ಹಿಡಿ ಕೊಯ್ದು ನೆಟ್ಟಗೆ ಕೂಡಿಸಿಕೊಡಿ ಎಂದ. ಲೈಸೆನ್ಸಿನವನು ಬಂದು ಹೇಳದೆ ಗರಗಸ ಮುಟ್ಟುವುದಿಲ್ಲ ಎಂದು ಅವರು ತಿರುಗಿ ಕಳಿಸಿದರು. ಈ ಸುದ್ದಿಯನ್ನು ಅಣ್ಣನೇ ಸೊಸೈಟಿಗೆ ಬಂದು, ಹತ್ತು ಮಂದಿಯ ಎದುರು ನನ್ನನ್ನು ಬೈಯುತ್ತ ಹೇಳಿದ. ಪೊಲೀಸರು ಬಸ್ಸನ್ನು ತಪಾಸಣೆ ಮಾಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.

ಭಾನುವಾರ ಸಗರಕ್ಕೆ ಹೋದೆ. ಮೊದಲು ಗದ್ದೆ ನೋಡಿದೆ. ತೆನೆ ಕಟ್ಟಿದ ಭತ್ತ ಅರ್ಧ ಎಕರೆಯಷ್ಟು ಕೆಸರಿನಲ್ಲಿ ಮಲಗಿತ್ತು. ಅಣ್ಣ ಹೇಳುವುದು ಸುಳ್ಳಲ್ಲ ಎನಿಸಿತು. ಅಜ್ಜನ ಹಿಡಿ ಕೊಯ್ಯಲು ನನ್ನ ಮನಸ್ಸು ಒಪ್ಪದಿದ್ದರೂ, ಅನುಮತಿ ಕೇಳಿ ಗುಲ್ಬರ್ಗಾದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಬರೆಯುವುದೆಂದು ನಿಶ್ಚಯಿಸಿಕೊಂಡೆ.

"ಹಿಡಿ ಬಾಗೇದ ಅಂತ ಲೈಸೆನ್ಸಿನಾಗ ಬರದಾರಣ್ಣ. ಕೇಳದ ಕೊಯ್ಯಾಕ ಬರಂಗಿಲ್ಲ," ಎಂದೆ.

"ನಿನ್ನ ಕಾಗದಕ್ಕ ಹಂದಿ ಅಂಜ್ತಾವೇನು? ಹಂಗಿದ್ರ ಬದುವಿನ ಮ್ಯಾಲ ಅದನ್ನೇ ಕಟ್ಟಿ ಹೋಗು."

ಅತ್ತಿಗೆ ಕರೆಮ್ಮ ಒಳಗಿನಿಂದ ನಕ್ಕಳು. ನೀರು ಬೇಕೇ ಎಂದೂ ಕೇಳಲಿಲ್ಲ.

ಅರ್ಜಿಯಲ್ಲಿ ಬಂದೂಕು ಯಾರ ಬಳಿ ಇದೆ ಎಂದು ಬರೆಯಬೇಕಾಗುತ್ತದೆ ಎಂದೆ. ನಿನ್ನ ಬಳಿ ಎಂದೇ ಬರೆ ಎಂದ ಅಣ್ಣ. ಅದು ಸುಳ್ಳಾಗುತ್ತದೆ ಎಂದೆ.

"ಆರು ವರ್ಷದಿಂದ ಸುಳ್ಳ ಆಗಿಲ್ಲೇನು? ಇವತ್ತ ನೆಪ್ಪಾತೇನು?"

ನಿಜ ಬರೆದರೆ ಅವನು ಜೈಲಿಗೆ, ನಾನೂ ಅವನ ಹಿಂದೆ. ಹಾಗಾಗಿ ಬಂದೂಕನ್ನು ಇವತ್ತೇ ನನಗೆ ಕೊಟ್ಟುಬಿಡು, ಬರೆಯುವುದಾದರೂ ನಿಜವಾಗಲಿ, ಅನುಮತಿ ಬಂದ ಮೇಲೆ ನಾನೇ ಕೊಯ್ಯಿಸುತ್ತೇನೆ ಎಂದೆ. ಎಷ್ಟು ದಿನ ಎಂದು ಕೇಳಿದ. ಎರಡು ತಿಂಗಳಾದರೂ ಬೇಕು ಎಂದೆ. ಸುಗ್ಗಿಗೆ ಇಪ್ಪತ್ತು ದಿನ ಉಳಿದಿತ್ತು.

ಅವನು ಒಳಗೆ ಹೋಗಿ ಬಂದೂಕು ತಂದ. ಬಸ್ಸಿನ ದಾರಿಯವರೆಗೆ ಕಳಿಸಲು ಬರುತ್ತಾನೆ ಎಂದುಕೊಂಡೆ. ಆದರೆ ಅವನು ಕಾಲುವೆ ದಂಡೆಯಲ್ಲಿ ನಿಂತು, ಗುಂಡು ಕೂರುವ ಕಡೆಯ ಕಬ್ಬಿಣದ ಬೋಲ್ಟನ್ನು ಎಳೆದು ತೆಗೆದು, ತುಂಬಿ ಹರಿಯುತ್ತಿದ್ದ ನೀರಿಗೆ ಎಸೆದ. ಅದಿಲ್ಲದೆ ಗುಂಡು ಹಾರದು. ಉಳಿದದ್ದನ್ನು ನನ್ನ ಎದೆಗೆ ಒತ್ತಿದ.

"ಕಾಗದ ನಿಂದು, ಕಟ್ಟಿಗಿ ಅಜ್ಜಂದು. ಒಯ್ಯಿ. ಇನ್ನ ಯಾವ ಕಣ್ಣಲೆ ನೋಡಿದ್ರೂ ನಡೀತದ."

ಬಂದೂಕು ಒಪ್ಪಿಸಿಬಿಡಲೆಂದು ಮನೆಗೆ ಹೋಗದೆ ನೇರ ಶಹಾಪುರದ ಠಾಣೆಗೆ ಹೋದೆ. ಬೋಲ್ಟ್ ಎಲ್ಲಿ ಎಂದು ಕೇಳಿ, ಹೇಳಿಕೆ ಬರೆದುಕೊಡಿ ಎಂದರು. ನಿಜ ಬರೆಯುವ ಗಟ್ಟಿ ಮನಸ್ಸಿನಿಂದಲೇ ಕೂತಿದ್ದೆ. 'ನನ್ನ ಅಣ್ಣ' ಎಂದು ಬರೆದು ಪೆನ್ನು ನಿಲ್ಲಿಸಿದೆ. ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡೆ. ಬಂದೂಕು ಮೊದಲಿನಿಂದಲೂ ನನ್ನ ಬಳಿಯೇ ಇತ್ತು, ಕಾಲುವೆ ದಂಡೆಯಲ್ಲಿ ಒರೆಸುವಾಗ ಬೋಲ್ಟ್ ನನ್ನ ಕೈಜಾರಿ ಬಿತ್ತು ಎಂದು ಬರೆದೆ. ಎರಡು ಸಲ ಓದಿ ಸಹಿ ಹಾಕಿದೆ. ಆಯುಧವನ್ನು ಎಚ್ಚರದಿಂದ ಇಟ್ಟುಕೊಂಡಿಲ್ಲವೆಂದು ಮುಂದೆ ಲೈಸೆನ್ಸ್ ರದ್ದಾಯಿತು. ಬಂದೂಕು ಠಾಣೆಯಲ್ಲೇ ಉಳಿಯಿತು.

ತಿಂಗಳ ನಂತರ ಗೊಬ್ಬರ ಒಯ್ಯಲು ಅಣ್ಣ ಸೊಸೈಟಿಗೆ ಬಂದ. ನನ್ನ ಹೇಳಿಕೆಯ ಸುದ್ದಿ ಅವನಿಗೆ ಮುಟ್ಟಿತ್ತು. ಒಂದು ಮಾತು ಆಡಿಯಾನೆಂದು ಕಾದೆ. ಚೀಟಿ ಕೊಡುವಾಗ ಅವನು ಮೊದಲ ಸಲ ನನ್ನ ಮುಖ ನೋಡಿದ.

"ಎಸದಾಂವ ನಾ. ನನ್ನ ಹೆಸರ ಬರೀಬೇಕಿತ್ತು," ಎಂದ. "ಅಷ್ಟೂ ಆಗ್ಲಿಲ್ಲ ನಿನಗ."

ಚೀಲ ಹೆಗಲಿಗೇರಿಸಿಕೊಂಡು ಹೋದ. ಸಾಲಿನಲ್ಲಿ ಅವನ ಹಿಂದಿದ್ದವರು ಚೀಟಿ ಚಾಚಿದರು.